ಕರ್ನಾಟಕದ ಪುರಸಭೆಗಳ ಗಣಕೀಕರಣ

ಕರ್ನಾಟಕದ ಪುರಸಭೆಗಳ ಗಣಕೀಕರಣ ಎಂದರೆ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳ ಲೆಕ್ಕಪತ್ರ, ಆಸ್ತಿ ತೆರಿಗೆ, ನೀರಿನ ಕರ, ಜನನ-ಮರಣ ನೋಂದಣಿ, ವ್ಯಾಪಾರ ಪರವಾನಗಿ ಮೊದಲಾದ ದೈನಂದಿನ ವ್ಯವಹಾರಗಳನ್ನು ಕೈಬರಹದ ವಹಿಗಳಿಂದ ಗಣಕಯಂತ್ರಕ್ಕೂ, ಅನಂತರ ಹಳತಾದ ತಂತ್ರಾಂಶಗಳಿಂದ ಹೊಸ ಜಾಲಾಧಾರಿತ ತಂತ್ರಾಂಶಗಳಿಗೂ ವರ್ಗಾಯಿಸಿದ ಪ್ರಕ್ರಿಯೆ. ಇದು 2000ದ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಮೊದಲುಗೊಂಡು, ಪೌರಾಡಳಿತ ನಿರ್ದೇಶನಾಲಯದ ಮೂಲಕ ಉಳಿದ ನಗರಗಳಿಗೆ ಹಬ್ಬಿತು. ಈ ಕಾರ್ಯದಲ್ಲಿ ಖಾಸಗಿ ಸಲಹಾಸಂಸ್ಥೆಗಳು, ಸನ್ನದು ಲೆಕ್ಕಪರಿಶೋಧಕರು, ಭೂಮಾಪನ ತಂಡಗಳು ಮತ್ತು ತಂತ್ರಾಂಶ ಸಂಸ್ಥೆಗಳು ತೊಡಗಿಕೊಂಡಿವೆ. ದೊಡ್ಡ ಮಹಾನಗರಗಳು ತಮ್ಮ ತಂತ್ರಾಂಶವನ್ನು ತಾವೇ ಆರಿಸಿಕೊಳ್ಳಬಲ್ಲವು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯಂತಹ ಸಣ್ಣ ಪಟ್ಟಣಗಳಿಗೆ ಆ ಆಯ್ಕೆ ಬಹುಮಟ್ಟಿಗೆ ರಾಜ್ಯಮಟ್ಟದಲ್ಲಿಯೇ ನಡೆಯುತ್ತದೆ. ಅದರ ಫಲಿತಾಂಶ ಮಾತ್ರ ಪಟ್ಟಣದ ಮನೆಮನೆಯ ಉತಾರದಲ್ಲಿ ಕಾಣಿಸಿಕೊಳ್ಳುತ್ತದೆ.

ಹಿನ್ನೆಲೆ

ಕರ್ನಾಟಕ ಪೌರಸಭೆಗಳ ಅಧಿನಿಯಮ, 1964ರ ಪ್ರಕಾರ 10,000ದಿಂದ 20,000 ಜನಸಂಖ್ಯೆಯ ಪ್ರದೇಶಗಳಿಗೆ ಪಟ್ಟಣ ಪಂಚಾಯಿತಿ, 20,000ದಿಂದ 50,000 ಜನಸಂಖ್ಯೆಯ ಪಟ್ಟಣಗಳಿಗೆ ಪುರಸಭೆ, ಅದಕ್ಕೂ ಮೇಲ್ಪಟ್ಟು 3 ಲಕ್ಷದವರೆಗಿನ ನಗರಗಳಿಗೆ ನಗರಸಭೆ ಇರುತ್ತದೆ. 2011ರ ಜನಗಣತಿಯ ವೇಳೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ನಾಲ್ಕೂ ಪುರಸಭೆಗಳಾಗಿದ್ದು, ಪ್ರತಿಯೊಂದರ ಜನಸಂಖ್ಯೆ 30 ಸಾವಿರದಿಂದ 40 ಸಾವಿರದ ನಡುವೆ ಇತ್ತು. ಇತ್ತೀಚಿನ ತಾಲ್ಲೂಕು ವಿಂಗಡಣೆಗೆ ಮೊದಲು ವಿಜಯಪುರ ಜಿಲ್ಲೆಯಲ್ಲಿ ಇದ್ದದ್ದು ಐದೇ ತಾಲ್ಲೂಕುಗಳು. ಜಿಲ್ಲಾ ಕೇಂದ್ರವನ್ನು ಬಿಟ್ಟರೆ ಉಳಿದ ನಾಲ್ಕರ ಕೇಂದ್ರಗಳು ಇವೇ ಪಟ್ಟಣಗಳು. ಪುರಸಭೆಯಲ್ಲಿ ಚುನಾಯಿತ ಅಧ್ಯಕ್ಷರ ಜೊತೆಗೆ ಆಡಳಿತದ ಹೊಣೆ ಹೊರುವವರು ಮುಖ್ಯಾಧಿಕಾರಿ. ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿಗಳ ಕಚೇರಿಯ ನಗರಾಭಿವೃದ್ಧಿ ಕೋಶವು ಮೇಲ್ವಿಚಾರಣೆ ನಡೆಸುತ್ತದೆ.

ಈ ಪ್ರದೇಶ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬೈ ರಾಜ್ಯಕ್ಕೆ ಸೇರಿತ್ತು. ಆದ್ದರಿಂದ ಇಲ್ಲಿನ ಆಸ್ತಿ ದಾಖಲೆಗಳ ಪರಿಭಾಷೆ ಹಳೆಯ ಮೈಸೂರಿನದಕ್ಕಿಂತ ಭಿನ್ನವಾಗಿದೆ. ದಕ್ಷಿಣದಲ್ಲಿ ‘ಖಾತಾ ನಕಲು’ ಎನ್ನುವುದನ್ನು ಇಲ್ಲಿನವರು ‘ಉತಾರ’ ಎನ್ನುತ್ತಾರೆ. ನಗರ ಮಾಪನ ನಡೆದ ಕಡೆಗಳಲ್ಲಿ ಪುರಸಭೆಯ ಉತಾರವಲ್ಲದೆ ಸಿಟಿ ಸರ್ವೆ ಕಚೇರಿಯ ಉತಾರವೂ ಇರುತ್ತದೆ. ಒಂದೇ ಮನೆಗೆ ಎರಡು ಕಚೇರಿಗಳಲ್ಲಿ ಎರಡು ಸಂಖ್ಯೆಗಳಿರುವುದು ಗಣಕೀಕರಣಕ್ಕೆ ಬಹಳ ಹಿಂದಿನಿಂದ ನಡೆದುಬಂದದ್ದು. ಇಡೀ ರಾಜ್ಯಕ್ಕೆ ಒಂದೇ ಅಚ್ಚಿನಲ್ಲಿ ರೂಪಿಸಿದ ತಂತ್ರಾಂಶವು ಇಂತಹ ಪ್ರಾದೇಶಿಕ ವ್ಯತ್ಯಾಸಗಳಿಗೆ ಸ್ಥಳ ಮಾಡಿಕೊಡಬೇಕಾಗುತ್ತದೆ.

ಹಳೆಯ ಲೆಕ್ಕಪದ್ಧತಿ

ಗಣಕೀಕರಣಕ್ಕೆ ಮುನ್ನ ಪುರಸಭೆಗಳು ನಗದು ಆಧಾರದ ಏಕನಮೂದು ಪದ್ಧತಿಯಲ್ಲಿ ಲೆಕ್ಕ ಇಡುತ್ತಿದ್ದವು. ಬಂದ ಹಣ ಜಮೆ, ಕೊಟ್ಟ ಹಣ ಖರ್ಚು. ವರ್ಷದ ಕೊನೆಗೆ ಉಳಿದದ್ದು ಶಿಲ್ಕು. ಈ ಪದ್ಧತಿ ಸರಳವಾಗಿದ್ದರೂ ಬರಬೇಕಾದ ಬಾಕಿ ಮತ್ತು ಕೊಡಬೇಕಾದ ಸಾಲ ಎರಡೂ ಮುಖ್ಯ ಲೆಕ್ಕದ ಹೊರಗೇ ಉಳಿಯುತ್ತಿದ್ದವು. ಉದಾಹರಣೆಗೆ, ಒಂದು ಪುರಸಭೆಯ ವಾರ್ಷಿಕ ತೆರಿಗೆ ಬೇಡಿಕೆ 1 ಕೋಟಿ ರೂಪಾಯಿ ಇದ್ದು 60 ಲಕ್ಷ ವಸೂಲಾಗಿದೆ ಎಂದು ಭಾವಿಸಿದರೆ, ನಗದು ಪುಸ್ತಕದಲ್ಲಿ ಕಾಣುವುದು 60 ಲಕ್ಷ ಮಾತ್ರ. ಉಳಿದ 40 ಲಕ್ಷವು ಬೇಡಿಕೆ, ವಸೂಲಿ ಮತ್ತು ಬಾಕಿಯ ಪ್ರತ್ಯೇಕ ತಖ್ತೆಯಲ್ಲಿ ಇರುತ್ತದೆ. ಆ ತಖ್ತೆಯನ್ನು ನಗದು ಪುಸ್ತಕದೊಂದಿಗೆ ತಾಳೆ ನೋಡದಿದ್ದರೆ ಯಾವ ಬೀದಿಯ ಯಾವ ಮನೆಯಿಂದ ಎಷ್ಟು ವರ್ಷದ ತೆರಿಗೆ ಬರಬೇಕು ಎಂಬುದು ಕರ ವಸೂಲಿಗಾರನ ನೆನಪಿನ ವಿಷಯವಾಗಿ ಉಳಿಯುತ್ತದೆ. ರಸ್ತೆ, ಕೊಳವೆಬಾವಿ, ಮಳಿಗೆ, ಖಾಲಿ ನಿವೇಶನಗಳಂತಹ ಪುರಸಭೆಯ ಸ್ವಂತ ಆಸ್ತಿಗಳಿಗೂ ಲೆಕ್ಕದಲ್ಲಿ ಬೆಲೆ ಇರಲಿಲ್ಲ.

ಭಾರತದ ರಾಜ್ಯಗಳಲ್ಲಿ ತಮಿಳುನಾಡು 1990ರ ದಶಕದ ಕೊನೆಯಲ್ಲಿಯೇ ತನ್ನ ಪುರಸಭೆಗಳಿಗೆ ದ್ವಿನಮೂದು ಪದ್ಧತಿಯನ್ನು ತಂದಿತ್ತು. ಕೇಂದ್ರ ನಗರಾಭಿವೃದ್ಧಿ ಸಚಿವಾಲಯವು 2004ರಲ್ಲಿ ರಾಷ್ಟ್ರೀಯ ಪೌರ ಲೆಕ್ಕಪತ್ರ ಕೈಪಿಡಿಯನ್ನು ಪ್ರಕಟಿಸಿತು. ಕರ್ನಾಟಕವು ಕರ್ನಾಟಕ ಪೌರಸಭೆಗಳ (ಲೆಕ್ಕಪತ್ರ ಮತ್ತು ಆಯವ್ಯಯ) ನಿಯಮಗಳು, 2006ನ್ನು ಜಾರಿಗೆ ತಂದು, ನಿಧಿ ಆಧಾರಿತ ದ್ವಿನಮೂದು ಲೆಕ್ಕಪದ್ಧತಿಯನ್ನು ಕಡ್ಡಾಯಗೊಳಿಸಿತು. ಈ ನಿಯಮಗಳು ಬಂದ ಮೇಲೆ ಸಣ್ಣ ಪಟ್ಟಣಗಳಿಗೂ ಗಣಕಯಂತ್ರ ಅನಿವಾರ್ಯವಾಯಿತು. ಪ್ರತಿ ವ್ಯವಹಾರವನ್ನು ಎರಡು ಕಡೆ ನಮೂದಿಸಿ, ನಿಧಿವಾರು ಬೇರ್ಪಡಿಸಿ, ವರ್ಷಾಂತ್ಯಕ್ಕೆ ಆಸ್ತಿ-ಹೊಣೆ ತಖ್ತೆ ತಯಾರಿಸುವ ಕೆಲಸ ಒಬ್ಬಿಬ್ಬರು ಲೆಕ್ಕ ಗುಮಾಸ್ತರಿರುವ ಕಚೇರಿಯಲ್ಲಿ ಕೈಬರಹದಿಂದ ಆಗುವಂಥದ್ದಲ್ಲ.

ಬೆಂಗಳೂರಿನಿಂದ ಜಿಲ್ಲೆಗಳಿಗೆ

ರಾಜ್ಯದಲ್ಲಿ ಈ ಸುಧಾರಣೆಯ ಮೊದಲ ಪ್ರಯೋಗ ನಡೆದದ್ದು ಆಗಿನ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ. ಮುಖ್ಯಮಂತ್ರಿ ಎಸ್. ಎಂ. ಕೃಷ್ಣ ಅವರು 1999ರಲ್ಲಿ ರಚಿಸಿದ, ನಂದನ್ ನಿಲೇಕಣಿ ನೇತೃತ್ವದ ಬೆಂಗಳೂರು ಕಾರ್ಯಸೂಚಿ ಕಾರ್ಯಪಡೆಯು ಪಾಲಿಕೆಯ ಲೆಕ್ಕಪದ್ಧತಿ ಮತ್ತು ಆಸ್ತಿ ತೆರಿಗೆ ವ್ಯವಸ್ಥೆಯನ್ನು ಬದಲಿಸುವ ಕೆಲಸ ಕೈಗೊಂಡಿತು. ನಿಲೇಕಣಿ ಮತ್ತು ಶ್ರೀಕಾಂತ್ ನಾಧಮುನಿ 2003ರಲ್ಲಿ ಸ್ಥಾಪಿಸಿದ ಇ-ಗವರ್ನಮೆಂಟ್ಸ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ ಪೌರಸಂಸ್ಥೆಗಳಿಗೆಂದೇ ತಂತ್ರಾಂಶ ರೂಪಿಸತೊಡಗಿತು. ಇದೇ ಅವಧಿಯಲ್ಲಿ ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯು ಎಲ್ಲ ತಾಲ್ಲೂಕು ಕಚೇರಿಗಳಲ್ಲಿ ಪಹಣಿಗಳನ್ನು ಗಣಕೀಕರಿಸಿತ್ತು. ರೈತನ ಹೊಲದ ಉತಾರ ಗಣಕಯಂತ್ರದಿಂದ ಸಿಗತೊಡಗಿದ ಎಷ್ಟೋ ವರ್ಷಗಳ ಬಳಿಕವೂ ಪಟ್ಟಣದ ಮನೆಯ ಉತಾರ ಕೈಬರಹದಲ್ಲಿಯೇ ಇತ್ತು.

2000ದ ದಶಕದ ಮಧ್ಯಭಾಗದಲ್ಲಿ ‘ನಿರ್ಮಲ ನಗರ’ ಎಂಬ ಹೆಸರಿನ ಕಾರ್ಯಕ್ರಮವು ಮೊದಲ ಹಂತದಲ್ಲಿ 57 ನಗರ ಸ್ಥಳೀಯ ಸಂಸ್ಥೆಗಳಲ್ಲಿ ಆರಂಭವಾಯಿತು. ದ್ವಿನಮೂದು ಲೆಕ್ಕಪತ್ರ, ‘ಆಸ್ತಿ’ ಎಂಬ ತೆರಿಗೆ ಮಾಹಿತಿ ವ್ಯವಸ್ಥೆ, ಜನನ-ಮರಣ ಪ್ರಮಾಣಪತ್ರ ಮತ್ತು ಸಾರ್ವಜನಿಕ ಕುಂದುಕೊರತೆ ನಿವಾರಣೆ ಇದರ ಮುಖ್ಯ ಅಂಗಗಳಾಗಿದ್ದವು. ಪಟ್ಟಣದ ನಕ್ಷೆ ತಯಾರಿಸಿ, ಮನೆಮನೆಗೆ ತೆರಳಿ ಅಳತೆ ಪಡೆದು, ಪ್ರತಿ ಆಸ್ತಿಗೂ ಒಂದು ವಿಶಿಷ್ಟ ಗುರುತು ಸಂಖ್ಯೆ ಕೊಡುವುದು ‘ಆಸ್ತಿ’ ವ್ಯವಸ್ಥೆಯ ಅಡಿಪಾಯ. ವಿಶ್ವಬ್ಯಾಂಕ್ 2006ರಲ್ಲಿ ಮಂಜೂರು ಮಾಡಿದ 21.6 ಕೋಟಿ ಡಾಲರ್ ಸಾಲದ ಕರ್ನಾಟಕ ಪೌರ ಸುಧಾರಣಾ ಯೋಜನೆಯು ಈ ಕಾರ್ಯಕ್ರಮವನ್ನು ಉಳಿದ ಸಂಸ್ಥೆಗಳಿಗೂ ವಿಸ್ತರಿಸುವ ಉದ್ದೇಶ ಹೊಂದಿತ್ತು. ತಂತ್ರಾಂಶಗಳ ನಿರ್ವಹಣೆಯನ್ನು ಪೌರಾಡಳಿತ ನಿರ್ದೇಶನಾಲಯದ ಪೌರ ಸುಧಾರಣಾ ಕೋಶ ಹಾಗೂ ಕರ್ನಾಟಕ ಮುನ್ಸಿಪಲ್ ಡಾಟಾ ಸೊಸೈಟಿ ವಹಿಸಿಕೊಂಡವು.

ಸಲಹಾಸಂಸ್ಥೆಗಳ ನೇಮಕ

ರಾಜ್ಯದಲ್ಲಿ ಸರ್ಕಾರಿ ಖರೀದಿಗಳು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಒಳಪಟ್ಟಿವೆ. ಟೆಂಡರ್ ಇಲ್ಲದೆ ಖರೀದಿಸುವಂತಿಲ್ಲ ಎಂಬುದು ಈ ಕಾಯ್ದೆಯ ಮುಖ್ಯ ನಿಯಮ. ಅದಕ್ಕಿರುವ ವಿನಾಯಿತಿಗಳು 4ನೆಯ ಪ್ರಕರಣದಲ್ಲಿವೆ. ಈ ಪ್ರಕರಣದ (ಜಿ) ಖಂಡದ ಅಡಿಯಲ್ಲಿ ಸರ್ಕಾರವೇ ಅಧಿಸೂಚನೆ ಹೊರಡಿಸಿ ಟೆಂಡರ್‌ನಿಂದ ವಿನಾಯಿತಿ ನೀಡಬಹುದು.

ತಂತ್ರಾಂಶ ಖರೀದಿಗೂ ಸಲಹೆಗಾರರ ನೇಮಕಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಗಣಕಯಂತ್ರವನ್ನು ಕಡಿಮೆ ಬೆಲೆ ಹೇಳಿದವರಿಂದ ಕೊಳ್ಳಬಹುದು. ಸಲಹೆಗಾರನ ವಿಷಯದಲ್ಲಿ ಬೆಲೆಯೊಂದೇ ಮಾನದಂಡವಾದರೆ ಅನುಭವವಿಲ್ಲದವನೇ ಗೆಲ್ಲುವ ಸಂಭವ ಹೆಚ್ಚು. ಆದ್ದರಿಂದ ವಿಶ್ವಬ್ಯಾಂಕ್ ನೆರವಿನ ಯೋಜನೆಗಳಲ್ಲಿ ಗುಣಮಟ್ಟ ಮತ್ತು ವೆಚ್ಚ ಎರಡನ್ನೂ ತೂಗುವ ಪದ್ಧತಿ ರೂಢಿಯಲ್ಲಿದೆ. ತಾಂತ್ರಿಕ ಪ್ರಸ್ತಾವನೆಯ ಲಕೋಟೆಯನ್ನು ಮೊದಲು ತೆರೆದು ಅಂಕ ನೀಡಲಾಗುತ್ತದೆ. ನಿಗದಿತ ಅಂಕ ಪಡೆದವರ ಬೆಲೆಯ ಲಕೋಟೆಯನ್ನು ಮಾತ್ರ ಅನಂತರ ತೆರೆಯಲಾಗುತ್ತದೆ.

ನೇಮಕಗೊಂಡ ಸಲಹಾಸಂಸ್ಥೆಯು ಮೊದಲಿಗೆ ಕಚೇರಿಯ ಯಥಾಸ್ಥಿತಿಯನ್ನು ಅಧ್ಯಯನ ಮಾಡುತ್ತದೆ. ಅರ್ಜಿ ಯಾರ ಮೇಜಿನಿಂದ ಯಾರ ಮೇಜಿಗೆ ಹೋಗುತ್ತದೆ, ಎಷ್ಟು ಸಹಿಗಳು ಬೇಕು, ಯಾವ ವಹಿಯಲ್ಲಿ ನಮೂದಾಗುತ್ತದೆ ಎಂಬುದನ್ನು ದಾಖಲಿಸಿ, ಹೊಸ ತಂತ್ರಾಂಶ ಏನೇನು ಮಾಡಬೇಕು ಎಂಬ ವಿವರಣೆ ಬರೆಯುತ್ತದೆ. ಮುಂದೆ ಟೆಂಡರ್ ದಾಖಲೆ ಸಿದ್ಧಪಡಿಸುವುದು, ತಂತ್ರಾಂಶ ಸಂಸ್ಥೆಯ ಕೆಲಸದ ಮೇಲ್ವಿಚಾರಣೆ, ಬಳಕೆದಾರರಿಂದ ಪರೀಕ್ಷೆ, ಸಿಬ್ಬಂದಿ ತರಬೇತಿ ಇವೆಲ್ಲ ಅದರ ಪಾಲಿನವು. ಲೆಕ್ಕಪತ್ರ ಸುಧಾರಣೆಯಲ್ಲಿ ಸನ್ನದು ಲೆಕ್ಕಪರಿಶೋಧಕ ಸಂಸ್ಥೆಗಳು ಪುರಸಭೆಗಳಿಗೇ ಬಂದು ಆರಂಭಿಕ ಆಸ್ತಿ-ಹೊಣೆ ತಖ್ತೆ ತಯಾರಿಸುವಲ್ಲಿ ನೆರವಾದವು. ಬೆಲೆಯೇ ಬರೆದಿರದ ಹಳೆಯ ಆಸ್ತಿಗಳಿಗೆ ಬೆಲೆ ಕಟ್ಟಬೇಕಾದ್ದರಿಂದ ಈ ತಖ್ತೆಯ ತಯಾರಿಕೆ ತಂತ್ರಾಂಶದ ಅಳವಡಿಕೆಗಿಂತ ಕಷ್ಟದ್ದಾಗಿತ್ತು.

ಪ್ರತಿ ಪುರಸಭೆಯೂ ತನ್ನ ಸಲಹೆಗಾರನನ್ನು ತಾನೇ ನೇಮಿಸಿಕೊಳ್ಳುವುದು ಸಣ್ಣ ಪಟ್ಟಣಗಳಿಗೆ ಆರ್ಥಿಕವಾಗಿ ಸಾಧ್ಯವಿಲ್ಲ. ಅಲ್ಲದೆ, ನೂರಾರು ಸಂಸ್ಥೆಗಳು ನೂರಾರು ತಂತ್ರಾಂಶ ಕೊಂಡರೆ ರಾಜ್ಯಮಟ್ಟದಲ್ಲಿ ಲೆಕ್ಕ ಕೂಡಿಸುವುದೂ ಅಸಾಧ್ಯ. ರಾಜ್ಯವೇ ಒಮ್ಮೆ ಖರೀದಿಸಿ ಎಲ್ಲರಿಗೂ ಹಂಚುವ ಮಾದರಿ ಈ ಕಾರಣದಿಂದ ಬಂದಿತು. ಇದರಿಂದ ಖರ್ಚು ಉಳಿಯಿತು; ಒಂದೇ ಬಗೆಯ ಲೆಕ್ಕಶೀರ್ಷಿಕೆಗಳೂ ಬಂದವು. ಆದರೆ ತಂತ್ರಾಂಶದಲ್ಲಿ ಸಣ್ಣ ತಿದ್ದುಪಡಿ ಬೇಕಾದರೂ ಮುದ್ದೇಬಿಹಾಳದ ಕಚೇರಿಯ ಕೋರಿಕೆ ನೂರಾರು ಕಿ.ಮೀ. ಆಚೆಯ ಬೆಂಗಳೂರಿಗೆ ಹೋಗಬೇಕು. ಪುರಸಭೆಯ ಸಾಮಾನ್ಯ ಸಭೆಯಲ್ಲಿ ಚರಂಡಿಯ ಬಗ್ಗೆ ಪ್ರಶ್ನಿಸಬಲ್ಲ ಸದಸ್ಯನಿಗೆ ತೆರಿಗೆ ಲೆಕ್ಕ ಹಾಕುವ ತಂತ್ರಾಂಶದ ಬಗ್ಗೆ ತೀರ್ಮಾನಿಸುವ ಅವಕಾಶ ಈ ಮಾದರಿಯಲ್ಲಿ ಇಲ್ಲವೆಂದೇ ಹೇಳಬಹುದು. 74ನೆಯ ಸಂವಿಧಾನ ತಿದ್ದುಪಡಿಯ ವಿಕೇಂದ್ರೀಕರಣದ ಆಶಯಕ್ಕೂ ಗಣಕೀಕರಣದ ಕೇಂದ್ರೀಕರಣಕ್ಕೂ ಇರುವ ಈ ಘರ್ಷಣೆ ಇನ್ನೂ ಬಗೆಹರಿದಿಲ್ಲ.

ದತ್ತಾಂಶದ ವರ್ಗಾವಣೆ

ತಂತ್ರಾಂಶ ಬದಲಾವಣೆಯಲ್ಲಿ ಅತಿ ಹೆಚ್ಚು ಶ್ರಮ ಬೇಡುವ, ಟೆಂಡರ್ ದಾಖಲೆಗಳಲ್ಲಿ ಸಾಮಾನ್ಯವಾಗಿ ಕಡಿಮೆ ಅಂದಾಜಿಗೆ ಸಿಗುವ ಭಾಗ ದತ್ತಾಂಶದ ವರ್ಗಾವಣೆ. ಪುರಸಭೆಗಳಲ್ಲಿ ಆಸ್ತಿ ತೆರಿಗೆ ನಿರ್ಧರಣೆಯ ಮೂಲ ದಾಖಲೆ ಕೆ.ಎಂ.ಎಫ್. 24 ವಹಿ. ಇಂತಹ ವಹಿಗಳು ವರ್ಷಗಟ್ಟಲೆ ಹಲವು ಗುಮಾಸ್ತರ ಕೈಯಲ್ಲಿ ಬೆಳೆದವು. ಮಾಲೀಕ ತೀರಿಕೊಂಡು ದಶಕಗಳಾದರೂ ಹೆಸರು ಬದಲಾಗದ ಖಾತೆಗಳು, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡ ಮನೆಗಳು, ಅಂಚಿನಲ್ಲಿ ಬರೆದು ಸಹಿಯಿಲ್ಲದೆ ಬಿಟ್ಟ ತಿದ್ದುಪಡಿಗಳು ಇಂತಹ ದಾಖಲೆಗಳಲ್ಲಿ ಅಪರೂಪವಲ್ಲ. ಕಾಗದದ ವಹಿಯಲ್ಲಿ ಇವು ಅಡ್ಡಿಯಾಗುವುದಿಲ್ಲ. ಕಚೇರಿಯವರಿಗೂ ಓಣಿಯವರಿಗೂ ನಿಜಸ್ಥಿತಿ ಗೊತ್ತಿರುತ್ತದೆ. ತಂತ್ರಾಂಶವು ಇಂಥ ಅಸ್ಪಷ್ಟತೆಯನ್ನು ಒಪ್ಪುವುದಿಲ್ಲ. ಅಳತೆಯ ಖಾನೆಯಲ್ಲಿ ಸಂಖ್ಯೆಯೇ ಬೇಕು, ಮಾಲೀಕನ ಖಾನೆಯಲ್ಲಿ ಹೆಸರೇ ಬೇಕು, ನಾಲ್ಕೂ ದಿಕ್ಕಿನ ಚಕ್ಕುಬಂದಿ ತುಂಬಿರಬೇಕು.

ಹೆಸರುಗಳ ಕಾಗುಣಿತವೂ ಇಂತಹದೇ ತೊಡಕು. ವಿಜಯಪುರ ಭಾಗದಲ್ಲಿ ಸಾಮಾನ್ಯವಾದ ಬಿರಾದಾರ ಎಂಬ ಅಡ್ಡಹೆಸರು ಒಂದು ದಾಖಲೆಯಲ್ಲಿ ‘ಬಿರಾದಾರ’ ಎಂದೂ ಇನ್ನೊಂದರಲ್ಲಿ ‘ಬಿರಾದಾರ್’ ಅಥವಾ ‘ಬಿರಾದರ’ ಎಂದೂ ಇರಬಹುದು. ಮನುಷ್ಯನ ಕಣ್ಣಿಗೆ ಒಬ್ಬನೇ ಆದವನು ಯಂತ್ರಕ್ಕೆ ಮೂವರು. ಒಂದೇ ಓಣಿಯಲ್ಲಿ ಒಂದೇ ಹೆಸರಿನ ಇಬ್ಬರಿರುವಾಗ ತಂದೆಯ ಹೆಸರೊಂದೇ ಬೇರ್ಪಡಿಸುವ ಗುರುತಾಗಿರುತ್ತದೆ. ನಮೂದಿಸುವವರು ಅದನ್ನು ಬಿಟ್ಟರೆ ಒಬ್ಬನ ಬಾಕಿ ಇನ್ನೊಬ್ಬನ ಹೆಸರಿಗೆ ಬೀಳುವ ಅಪಾಯವಿದೆ.

ಕನ್ನಡ ಲಿಪಿಗೆ ಸಂಬಂಧಿಸಿದ ತಾಂತ್ರಿಕ ಸಮಸ್ಯೆ ಬೇರೆ ಬಗೆಯದು. ಯೂನಿಕೋಡ್ ಬಳಕೆ ರೂಢಿಗೆ ಬರುವ ಮುನ್ನ ಕನ್ನಡವನ್ನು ನುಡಿ, ಬರಹ ಮೊದಲಾದ ತಂತ್ರಾಂಶಗಳ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಲಾಗುತ್ತಿತ್ತು. ಗಣಕಯಂತ್ರದ ಒಳಗೆ ಉಳಿಯುತ್ತಿದ್ದುದು ರೋಮನ್ ಅಕ್ಷರ-ಚಿಹ್ನೆಗಳ ಸಂಕೇತಗಳು. ಅಕ್ಷರಶೈಲಿ ಬದಲಾದರೆ ಹೆಸರು ಓದಲಾಗದ ಚಿಹ್ನೆಗಳ ಸಾಲಾಗಿ ತೋರುತ್ತಿತ್ತು. ಇವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳಿದ್ದರೂ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಕಣ್ಣಿನಿಂದ ನೋಡಿ ತಿದ್ದಬೇಕಾಗುತ್ತದೆ. ಇಂತಹ ತಪ್ಪನ್ನು ಗುರುತಿಸಬಲ್ಲವರು ಊರಿನ ಹೆಸರುಗಳನ್ನು ಬಲ್ಲ ಸ್ಥಳೀಯ ಸಿಬ್ಬಂದಿಯೇ ಹೊರತು ಹೊರಗಿನಿಂದ ಬಂದ ಸಲಹೆಗಾರರಲ್ಲ.

ಕಾನೂನು ಬದಲಾದಂತೆ ತಂತ್ರಾಂಶವೂ ಬದಲಾಗಬೇಕು. ರಾಜ್ಯದ ಪುರಸಭೆಗಳಲ್ಲಿ 2002ರಿಂದ ಸ್ವಯಂ ಘೋಷಣಾ ಪದ್ಧತಿಯ ಆಸ್ತಿ ತೆರಿಗೆ ಜಾರಿಯಲ್ಲಿದೆ. ಮೂರು ವರ್ಷಕ್ಕೊಮ್ಮೆ ಶೇ 15ರಷ್ಟು ಏರಿಕೆಯಾಗುತ್ತಿದ್ದ ಈ ತೆರಿಗೆಯನ್ನು 2021-22ರಿಂದ ಚಾಲ್ತಿಯಲ್ಲಿರುವ ಮಾರ್ಗಸೂಚಿ ಬೆಲೆಗೆ ಜೋಡಿಸಲಾಯಿತು. ನೋಟಕ್ಕೆ ಇದು ಒಂದು ಸೂತ್ರದ ಬದಲಾವಣೆ. ಆದರೆ ಹಳೆಯ ಬಾಕಿಗೆ ಹಳೆಯ ಸೂತ್ರ, ಹೊಸ ವರ್ಷಕ್ಕೆ ಹೊಸ ಸೂತ್ರ, ತಡವಾದ ಪಾವತಿಗೆ ದಂಡ, ಮುಂಗಡ ಪಾವತಿಗೆ ರಿಯಾಯಿತಿ ಇವೆಲ್ಲವನ್ನೂ ಒಂದೇ ಚಲನ್‌ನಲ್ಲಿ ಸರಿಯಾಗಿ ಕೂಡಿಸಬೇಕು.

ಇ-ಆಸ್ತಿ ಮತ್ತು ಇ-ಖಾತಾ

‘ಆಸ್ತಿ’ ವ್ಯವಸ್ಥೆಯ ಮುಂದಿನ ರೂಪ ‘ಇ-ಆಸ್ತಿ’. ಇದರಲ್ಲಿ ಖಾತೆಯ ವಿವರಗಳನ್ನು ಅಂಕೀಕೃತ ಸಹಿಯೊಂದಿಗೆ ನೀಡಲಾಗುತ್ತದೆ. ಅರ್ಜಿಯ ಜೊತೆ ನೋಂದಾಯಿತ ಪತ್ರ, ತೆರಿಗೆ ರಸೀದಿ, ಋಣಭಾರ ಪ್ರಮಾಣಪತ್ರ, ಗುರುತಿನ ದಾಖಲೆ, ಮಾಲೀಕರ ಮತ್ತು ಕಟ್ಟಡದ ಭಾವಚಿತ್ರ ಸಲ್ಲಿಸಬೇಕಾಗುತ್ತದೆ. ಇ-ಆಸ್ತಿಯನ್ನು ಉಪನೋಂದಣಾಧಿಕಾರಿ ಕಚೇರಿಗಳ ‘ಕಾವೇರಿ’ ತಂತ್ರಾಂಶದೊಂದಿಗೆ ಜೋಡಿಸಲಾಗಿದೆ. 2024ರ ಅಕ್ಟೋಬರ್‌ನಿಂದ ನಗರ ಪ್ರದೇಶದ ಆಸ್ತಿಗಳ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. ಹೀಗಾಗಿ ಅಲ್ಲಿಯವರೆಗೆ ಕಚೇರಿಯ ಒಳಗಿನ ಅನುಕೂಲವೆಂದು ಕಾಣುತ್ತಿದ್ದ ತಂತ್ರಾಂಶ ಒಮ್ಮೆಲೇ ಪ್ರತಿ ಮಾರಾಟದ ಹಾದಿಯಲ್ಲಿನ ಹೆಬ್ಬಾಗಿಲಾಯಿತು. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ನಿವೇಶನ ಮಾರಲು ಹೊರಟವನು ಉತಾರದಲ್ಲಿನ ಒಂದು ಅಕ್ಷರ ಅಥವಾ ಒಂದು ಅಡಿಯ ವ್ಯತ್ಯಾಸವನ್ನು ಮೊದಲು ಸರಿಪಡಿಸಿಕೊಳ್ಳಬೇಕು.

ಬಡಾವಣೆಗೆ ಅನುಮೋದನೆ ಪಡೆಯದೆ ರೂಪುಗೊಂಡ ನಿವೇಶನಗಳನ್ನೂ ದಾಖಲೆಗೆ ತರಲು 2025ರ ಆರಂಭದಲ್ಲಿ ಬಿ-ಖಾತಾ ನೀಡುವ ಅಭಿಯಾನವನ್ನು ಸರ್ಕಾರ ಘೋಷಿಸಿತು. ಖಾತೆಯು ತೆರಿಗೆ ನಿರ್ಧರಣೆಯ ದಾಖಲೆಯೇ ಹೊರತು ಹಕ್ಕುಪತ್ರವಲ್ಲ. ಎ-ಖಾತಾ ಇದ್ದಮಾತ್ರಕ್ಕೆ ಮಾಲೀಕತ್ವದ ವಿವಾದ ಇತ್ಯರ್ಥವಾಗುವುದಿಲ್ಲ.

ಇ-ಆಸ್ತಿಯಲ್ಲದೆ ನೀರಿನ ಕರಕ್ಕೆ ‘ಜಲನಿಧಿ’, ವ್ಯಾಪಾರ ಪರವಾನಗಿಗೆ ‘ವ್ಯಾಪಾರ’, ಕುಂದುಕೊರತೆಗಳಿಗೆ ‘ಜನಹಿತ’ ಎಂಬ ತಂತ್ರಾಂಶಗಳು ಬಳಕೆಗೆ ಬಂದವು. 2012ರಲ್ಲಿ ಜಾರಿಯಾದ ‘ಸಕಾಲ’ ಯೋಜನೆಯಡಿ ಪುರಸಭೆಯ ಹಲವು ಸೇವೆಗಳಿಗೆ ದಿನಗಳ ಮಿತಿ ನಿಗದಿಯಾಗಿದೆ.

ಅನುದಾನದೊಂದಿಗಿನ ಸಂಬಂಧ

15ನೆಯ ಹಣಕಾಸು ಆಯೋಗವು 2021-22ರಿಂದ ನಗರ ಸ್ಥಳೀಯ ಸಂಸ್ಥೆಗಳಿಗೆ ಅನುದಾನ ನೀಡಲು ಹಿಂದಿನ ವರ್ಷದ ತಾತ್ಕಾಲಿಕ ಲೆಕ್ಕವನ್ನೂ ಅದಕ್ಕೂ ಹಿಂದಿನ ವರ್ಷದ ಪರಿಶೋಧಿತ ಲೆಕ್ಕವನ್ನೂ ಜಾಲತಾಣದಲ್ಲಿ ಪ್ರಕಟಿಸಬೇಕೆಂಬ ಷರತ್ತು ವಿಧಿಸಿತು. ಸ್ವಂತ ತೆರಿಗೆಯ ಆದಾಯ ಕಡಿಮೆಯಿರುವ ಪುರಸಭೆಗಳಿಗೆ ಈ ಅನುದಾನ ಮುಖ್ಯ ಆಧಾರ. ಲೆಕ್ಕದ ತಂತ್ರಾಂಶ ಕೈಕೊಟ್ಟರೆ ಅಥವಾ ವರ್ಷದ ಲೆಕ್ಕ ಮುಚ್ಚುವುದು ತಡವಾದರೆ ಅದರ ಪರಿಣಾಮ ಬೀದಿದೀಪ, ಕುಡಿಯುವ ನೀರು ಮತ್ತು ಕಸ ವಿಲೇವಾರಿಯವರೆಗೂ ತಲುಪಬಲ್ಲದು.

ಹೊರದೇಶಗಳ ಅನುಭವ

ತಂತ್ರಾಂಶ ಬದಲಾವಣೆಯ ತೊಡಕುಗಳು ಸಣ್ಣ ಪಟ್ಟಣಗಳಿಗೆ ಸೀಮಿತವಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಾಡಳಿತವು 1999ರಿಂದ ಬಳಸುತ್ತಿದ್ದ ಸ್ಯಾಪ್ ತಂತ್ರಾಂಶದ ಬದಲಿಗೆ 2022ರ ಏಪ್ರಿಲ್‌ನಲ್ಲಿ ಒರೇಕಲ್ ತಂತ್ರಾಂಶಕ್ಕೆ ಬದಲಾಯಿತು. ಮೊದಲಿಗೆ ಸುಮಾರು 1.9 ಕೋಟಿ ಪೌಂಡ್ ಎಂದು ಅಂದಾಜಿಸಿದ್ದ ವೆಚ್ಚ 2023ರ ವೇಳೆಗೆ 10 ಕೋಟಿ ಪೌಂಡ್ ತಲುಪಬಹುದೆಂದು ಲೆಕ್ಕ ಹಾಕಲಾಯಿತು. ನಗರಾಡಳಿತವು ತನ್ನ ಲೆಕ್ಕಪತ್ರಗಳನ್ನು ಸರಿಯಾಗಿ ಮುಚ್ಚಲಾಗದ ಸ್ಥಿತಿಗೆ ಬಂದಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅದು ದಿವಾಳಿಗೆ ಸಮನಾದ ಪ್ರಕಟಣೆ ಹೊರಡಿಸಿದಾಗ ಸಮಾನ ವೇತನದ ಹೊಣೆಯ ಜೊತೆಗೆ ಈ ತಂತ್ರಾಂಶದ ವೆಚ್ಚವೂ ಕಾರಣಗಳಲ್ಲಿ ಒಂದಾಗಿತ್ತು.

ನ್ಯೂಯಾರ್ಕ್ ನಗರದ ನೌಕರರ ಹಾಜರಾತಿ ಮತ್ತು ವೇತನಕ್ಕೆಂದು 1998ರಲ್ಲಿ ಆರಂಭವಾದ ಸಿಟಿಟೈಮ್ ಯೋಜನೆಯ ಮೂಲ ಅಂದಾಜು 6.3 ಕೋಟಿ ಡಾಲರ್. ಅಂತಿಮ ವೆಚ್ಚ 60 ಕೋಟಿ ಡಾಲರ್ ಮೀರಿತು. ಗುತ್ತಿಗೆದಾರರ ಕೆಲಸದ ಮೇಲೆ ಕಣ್ಣಿಡಲು ನಗರವು ನೇಮಿಸಿಕೊಂಡಿದ್ದ ಸಲಹೆಗಾರನೇ ಲಂಚದ ಜಾಲದಲ್ಲಿದ್ದುದು ಬಯಲಾಗಿ, 2013ರಲ್ಲಿ ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಯಿತು. ಮುಖ್ಯ ಗುತ್ತಿಗೆದಾರ ಸಂಸ್ಥೆಯು 2012ರಲ್ಲಿ 50 ಕೋಟಿ ಡಾಲರ್ ಪಾವತಿಸಲು ಒಪ್ಪಿತು.

ಸಿಬ್ಬಂದಿ ಮತ್ತು ಮುಂದಿನ ನಿರ್ವಹಣೆ

ಪುರಸಭೆಗಳಲ್ಲಿ ದತ್ತಾಂಶ ನಮೂದಿಸುವ ಕೆಲಸ ಹೆಚ್ಚಾಗಿ ಹೊರಗುತ್ತಿಗೆಯ ಆಪರೇಟರ್‌ಗಳ ಮೇಲೆ ಅವಲಂಬಿಸಿದೆ. ಮುಖ್ಯಾಧಿಕಾರಿಗಳು ವರ್ಗಾವಣೆಯಾಗುತ್ತಾರೆ, ಸಲಹಾಸಂಸ್ಥೆಯ ಅವಧಿ ಮುಗಿಯುತ್ತದೆ. ಯಾವ ವಾರ್ಡಿನ ಯಾವ ವಹಿಯನ್ನು ಹೇಗೆ ನಮೂದಿಸಲಾಯಿತು ಎಂಬ ತಿಳಿವಳಿಕೆ ಉಳಿದಿರುವುದು ಕಡಿಮೆ ವೇತನದ ಈ ಆಪರೇಟರ್‌ಗಳ ಬಳಿಯಲ್ಲಿಯೇ. ಸಲಹಾ ಒಪ್ಪಂದಗಳಲ್ಲಿ ಜ್ಞಾನ ವರ್ಗಾವಣೆ ಎಂಬ ಅಂಶ ಸೇರಿರುವುದು ವಾಡಿಕೆ. ಆ ಜ್ಞಾನವನ್ನು ಸ್ವೀಕರಿಸಲು ಕಾಯಂ ಹುದ್ದೆಯವರಿಲ್ಲದ ಕಚೇರಿಯಲ್ಲಿ ಅದು ಕಾಗದದ ಮೇಲಷ್ಟೇ ನೆರವೇರುತ್ತದೆ.

ರಾಷ್ಟ್ರಮಟ್ಟದಲ್ಲಿ ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು 2021ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ನಗರ ಡಿಜಿಟಲ್ ಅಭಿಯಾನವನ್ನು ಆರಂಭಿಸಿದೆ. ಎಲ್ಲ ರಾಜ್ಯಗಳ ಪೌರಸೇವೆಗಳಿಗೂ ಸಮಾನ ತಾಂತ್ರಿಕ ನೆಲೆ ಒದಗಿಸುವುದು ಇದರ ಗುರಿ. ಈಗಾಗಲೇ ಸ್ವಂತ ತಂತ್ರಾಂಶಗಳಿರುವ ಕರ್ನಾಟಕದಂತಹ ರಾಜ್ಯಗಳಲ್ಲಿ ಇಂತಹ ನೆಲೆಯೊಂದಿಗೆ ಹೊಂದಿಕೊಳ್ಳಬೇಕಾದರೆ ಪುರಸಭೆಯ ವಹಿಗಳಿಂದ ಬಂದ ದತ್ತಾಂಶವನ್ನು ಮತ್ತೊಮ್ಮೆ ತಾಳೆ ನೋಡಬೇಕಾಗುತ್ತದೆ.